ಕಾರಟಗಿಗೆ ಬಂದ ಬಿಳಿ ಸೀರೆ

ನಮ್ಮ ಅತ್ತೆ ಶೇಖರಮ್ಮ ನನ್ನನ್ನು ನೋಡಲು ಕುಷ್ಟಗಿಗೆ ಬಂದದ್ದು ೧೯೯೭ರ ಬೇಸಿಗೆಯಲ್ಲಿ. ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಕೂತು, ನಾನು ತಂದಿಟ್ಟ ಶರಬತ್ತನ್ನು ಗಟಗಟ ಕುಡಿದು, ಲೋಟ ಕೆಳಗಿಡುವ ಮೊದಲೇ ಮಗನ ಕಡೆ ತಿರುಗಿದಳು. ಮಗ ಹಾಲೇಶ, ಅಂದರೆ ಈಗಿನ ನಮ್ಮವರು, ನನ್ನ ಬಣ್ಣ ನೋಡಿ ಸ್ವಲ್ಪ ಸಪ್ಪಗಾಗಿ ಕೂತಿದ್ದರು. ನಾನು ಕಪ್ಪು. ಸಂಬಂಧ ಕುದುರಿಸುವವರು ಎಣ್ಣೆಗೆಂಪು, ಗೋಧಿಬಣ್ಣ ಎಂದೆಲ್ಲ ಸವರಿ ಹೇಳುವ ಕಪ್ಪಲ್ಲ, ಎರೆಹೊಲದ ಮಣ್ಣಿನ ಕಪ್ಪು.

“ಸಿನಿಮಾದಾಗ ಕಪ್ಪನ್ನ ಹುಡಿಗಿ ಶರಬತ್ತು ಇಟ್ಟು ಒಳಗ ಹೋಗ್ತಾಳ, ಆಕಿ ಹಿಂದ ಬೆಳ್ಳನ್ನಾಕಿ ಬರ್ತಾಳ,” ಎಂದಳು ಅತ್ತೆ. “ಇಲ್ಲಿ ಹಿಂದ ಯಾರೂ ಬರೂದಿಲ್ಲ. ಈಕೀನ ನಾಯಕಿ. ಹೂಂ ಅನ್ನು.”

ನಮ್ಮವರು ಹೂಂ ಅಂದರು. ಅತ್ತೆ ನನಗಿಂತಲೂ ಒಂದು ಕೈ ಹೆಚ್ಚೇ ಕಪ್ಪಿದ್ದದ್ದನ್ನು ನಾನು ಆಗಲೇ ಕದ್ದು ನೋಡಿಕೊಂಡಿದ್ದೆ. ಈ ಮನೆಯಲ್ಲಿ ಬಾಳಬಹುದು ಎಂದು ನನಗೆ ಧೈರ್ಯ ಬಂದದ್ದು ಗಂಡನನ್ನು ನೋಡಿ ಅಲ್ಲ, ಅತ್ತೆಯನ್ನು ನೋಡಿ. ಇಲ್ಲಿ ಆಕೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಹುಬ್ಬೇರಿಸಬೇಡಿ. ಎದುರಿಗೆ ಮಾತುಮಾತಿಗೂ ‘ರೀ’ ಹಚ್ಚುತ್ತೇನೆ. ಬರೆಯುವಾಗಲೂ ಹಚ್ಚಿದರೆ ಆಕೆ ಯಾರೋ ದೂರದ ಹಿರಿಯರಂತೆ ಕಾಣುತ್ತಾಳೆ, ಅದು ನನಗೆ ಸೇರುವುದಿಲ್ಲ.

ಕಾರಟಗಿಯಲ್ಲಿ ನಮ್ಮ ಮನೆಯವರದು ಕಾಲುವೆ ನೀರಿನ ಭತ್ತದ ಹೊಲ, ಬಜಾರಿನಲ್ಲಿ ಒಂದು ದಲಾಲಿ ಅಂಗಡಿ. ಅಂಗಡಿ ನಮ್ಮವರು ನೋಡಿಕೊಳ್ಳುತ್ತಿದ್ದರು, ಹೊಲ ಮಾವ ಈಶಪ್ಪನವರು. ಇನ್ನೊಬ್ಬಳು ನಾದಿನಿ ಲಲಿತಾ, ನಗಲು ಕಾರಣ ಬೇಡದ ಹುಡುಗಿ. ಆದರೆ ಭಾನುವಾರ ಸಂಜೆ ನಾಲ್ಕಾಯಿತೆಂದರೆ ಅತ್ತೆಗೆ ಹೊಲವೂ ಇಲ್ಲ, ಅಂಗಡಿಯೂ ಇಲ್ಲ. ಟೀವಿಯಲ್ಲಿ ಕನ್ನಡ ಸಿನಿಮಾ. ಅದರಲ್ಲೂ ಹಳೆಯ ಕಪ್ಪು-ಬಿಳುಪಿನದು ಬಂದರೆ ಅತ್ತೆ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳಂತೆ ಟೀವಿಯ ಮುಂದೆ ಕೂರುತ್ತಿದ್ದಳು. ಪಕ್ಕದಲ್ಲಿ ನೆರೆಮನೆಯ ಲಾಲಬೀ, ಆಕೆಯ ಸರಿವಯಸ್ಸಿನ ಗೆಳತಿ. ಮಾವ ಮೂಲೆಯ ಹೊರಸಿನ ಮೇಲೆ ಮಲಗಿ, ಹೆಸರು ಬೀಳುವುದರೊಳಗೆ ಗೊರಕೆ ಹಚ್ಚುತ್ತಿದ್ದರು.

ಅತ್ತೆಗೆ ಈ ಹುಚ್ಚು ಹುಲಿಹೈದರದ ತವರಿನಲ್ಲೇ ಹತ್ತಿದ್ದು. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಮುಟ್ಟಿಸಲು ಹೋದಾಗಲೆಲ್ಲ ಹಟ ಹಿಡಿದು ಬಂಡಿಯನ್ನು ಗಂಗಾವತಿಗೆ ಹೊಡೆಸುತ್ತಿದ್ದಳಂತೆ. ಅಲ್ಲಿ ಟೆಂಟಿನಲ್ಲಿ, ಗಂಡಸರಿಗೂ ಹೆಂಗಸರಿಗೂ ನಡುವೆ ನಿಲ್ಲಿಸಿದ ತಟ್ಟಿಯ ಈಚೆ ಉಸುಕಿನ ಮೇಲೆ ಕೂತು ನೋಡಿದ ಸಿನಿಮಾಗಳನ್ನೇ ಈಗ ಮನೆಯ ಪೆಟ್ಟಿಗೆಯೊಳಗೆ ಮತ್ತೆ ನೋಡುತ್ತಿದ್ದಳು. ಕಥೆ ಗೊತ್ತಿದ್ದರೂ ಅಳು ಹೊಸದು.

ಆಕೆ ಸಿನಿಮಾ ನೋಡುವ ರೀತಿಯೇ ಬೇರೆ. ಮೊದಲು ಇವರು ಯಾವ ಜನ ಎಂದು ಗೊತ್ತುಮಾಡಿಕೊಳ್ಳಬೇಕು. ಸೀರೆ ಹೇಗೆ ಉಟ್ಟಿದ್ದಾರೆ, ಏನು ಉಣ್ಣುತ್ತಾರೆ, ಹೆಣ ಸುಡುತ್ತಾರೋ ಹೂಳುತ್ತಾರೋ, ಎಲ್ಲ ನೋಡಬೇಕು. ಬಾಳೆಎಲೆಯ ಮೇಲೆ ಬರೀ ಅನ್ನ ಬಿದ್ದರೆ, ರೊಟ್ಟಿ ಇಲ್ಲದೆ ಇವರಿಗೆ ಹೊಟ್ಟೆ ಹೇಗೆ ತುಂಬುತ್ತದೆ ಎಂದು ಲಾಲಬೀಯನ್ನು ಕೇಳಬೇಕು. ನಾಯಕಿ ಬೆಳಗೆದ್ದು ಗಂಡನ ಕಾಲಿಗೆ ಬೀಳುವುದನ್ನು ನೋಡಿ ಮನಸ್ಸು ಕರಗಿ, ಒಂದು ಸೋಮವಾರ ಬೆಳಿಗ್ಗೆ ಅತ್ತೆಯೂ ಬಗ್ಗಿ ಮಾವನ ಕಾಲು ಮುಟ್ಟಿದ್ದಳು. ಮಾವ ಗಾಬರಿಯಾಗಿ ಎರಡೂ ಕಾಲು ಮೇಲೆತ್ತಿ, ಹೊರಸಿನ ಕೆಳಗೆ ಇಣುಕಿ, “ಏನ ಕಳಕೊಂಡಿ?” ಎಂದಿದ್ದರು. ಆ ಪದ್ಧತಿ ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಷಯವನ್ನು ಆಕೆ ಪಕ್ಕಾ ಹೇಳುತ್ತಿದ್ದಳು. ಆ ಸಿನಿಮಾಗಳಲ್ಲಿ ಕರಿ ಮೈಯವನೋ ಕೆಳಗಿನ ಕೇರಿಯವನೋ ಒಳ್ಳೆಯವನಾಗಿದ್ದರೆ ಅವನ ಆಯುಷ್ಯ ಮಧ್ಯಂತರದವರೆಗೆ ಮಾತ್ರ. ನಾಯಕನ ಮೈಮೇಲೆ ಬರುವ ಚೂರಿಗೆ ಅವನೇ ಅಡ್ಡ ಬೀಳಬೇಕು. ಅಂಥವನು ಪರದೆಯ ಮೇಲೆ ಕಾಣಿಸಿಕೊಂಡು ಒಂದು ಒಳ್ಳೆಯ ಮಾತು ಆಡಿದ ಕೂಡಲೇ ಅತ್ತೆ, ಈತ ಭಾಳ ಛಲೋ ಅದಾನ, ಉಳಿಯೂದಿಲ್ಲ ಎಂದು ಮುಂಗಡವಾಗಿಯೇ ಅಳು ಶುರುಮಾಡುತ್ತಿದ್ದಳು.

ಒಂದು ಸಲ ಕಾಡುಜನರ ಕುಣಿತ ಬಂತು. ಬಿಳಿ ಮೈಗೆ ಮಸಿ ಬಳಿದುಕೊಂಡು, ತಲೆಗೆ ಗರಿ ಕಟ್ಟಿಕೊಂಡು, ಹೋ ಹೋ ಎಂದು ಬೆಂಕಿಯ ಸುತ್ತ ಜಿಗಿಯುವ ಗುಂಪು. ನಮ್ಮ ಹೊಲದ ಕೆಲಸ ನೋಡುವ ಯಂಕೋಬ ಹೊಸ್ತಿಲ ಹೊರಗೆ ಕೂತು ನೋಡುತ್ತಿದ್ದ. ಅವನ ಹಿರಿಯರು ಬೇಟೆಯಾಡುವ ಜನ. ಇವರು ನಿಮ್ಮವರೇನೋ ನೋಡು ಎಂದು ಅತ್ತೆ ಕೇಳಿದಳು. ಯಂಕೋಬ ಕತ್ತು ಚಾಚಿ ಚೆನ್ನಾಗಿ ನೋಡಿದ.

“ನಮ್ಮಪ್ಪ ಬ್ಯಾಟಿಗೆ ಹೋಗುವಾಗ ಮೈತುಂಬ ಅಂಗಿ ಹಾಕ್ಕೊಂಡು, ತಲಿಗೆ ರುಂಬಾಲ ಸುತ್ತಿ ಹೋಗ್ತಿದ್ದರಿ ಅವ್ವಾರ,” ಎಂದ. “ಹಿಂಗ ಒದರಿಕೋತ ಹ್ವಾದ್ರ ಮೊಲ ನಿಂದರ್ತೈತೇನ್ರಿ?”

ಅದೇ ಸಿನಿಮಾದಲ್ಲಿ ಮುಂದೆ ಬಡವನೊಬ್ಬನನ್ನು ಗುಡಿಯ ಬಾಗಿಲಲ್ಲಿ ತಡೆದರು. ಅತ್ತೆ ಸೆರಗಿನ ತುದಿ ಒದ್ದೆಯಾಗುವಷ್ಟು ಅತ್ತಳು. ಹಾಗೆ ಅಳುವಾಗಲೂ ಯಂಕೋಬ ಹೊಸ್ತಿಲ ಆಚೆಯೇ ಇದ್ದಾನೆಂಬುದು ಆಕೆಗೆ ಹೊಳೆಯಲಿಲ್ಲ. ನನಗೆ ಮೈ ಉರಿದು, ಒಳಗೆ ಬಾ ಎಂದು ಅವನನ್ನು ಕರೆದೆ. ಅವನು ಬರಲಿಲ್ಲ. ಒಳಗೆ ಕೂತರೆ ತಂಬಾಕು ಉಗುಳಲು ಪದೇಪದೇ ಏಳಬೇಕಾಗುತ್ತದಂತೆ. ಹೀಗಾಗಿ ನನ್ನ ಸಿಟ್ಟು ಅವತ್ತು ದಂಡವಾಯಿತು. ಆದರೆ ಒಂದು ಮಾತು ಮನಸ್ಸಿನಲ್ಲಿ ಕೂತಿತು: ನಮ್ಮ ಅತ್ತೆಗೆ ಪೆಟ್ಟಿಗೆಯೊಳಗಿನ ಸಂಕಟ ಕಂಡಷ್ಟು ಸುಲಭವಾಗಿ ಮನೆಯೊಳಗಿನದು ಕಾಣುವುದಿಲ್ಲ.

ನಾನು ಬಂದ ಮರುವರ್ಷ ಲಲಿತಾಳನ್ನು ಯಲಬುರ್ಗಾ ಕಡೆಯ ಒಂದೂರಿಗೆ ಕೊಟ್ಟೆವು. ಒಳ್ಳೆಯ ಹುಡುಗ. ಎರಡನೆಯ ಮಳೆಗಾಲದಲ್ಲಿ ಕಾಮಣಿ ರೋಗ ಹಿಡಿದು ತೀರಿಕೊಂಡ. ಮಕ್ಕಳಿರಲಿಲ್ಲ. ಮಾವ ಹೋಗಿ ಮಗಳನ್ನು ಕರೆದುಕೊಂಡು ಬಂದರು. ಬಸ್ಸಿನಿಂದ ಇಳಿದ ಲಲಿತಾಳ ಮುಖ ನೋಡಲು ನನಗೆ ಧೈರ್ಯ ಸಾಲದೆ ಆಕೆಯ ಕೈಯಲ್ಲಿದ್ದ ಚೀಲವನ್ನೇ ನೋಡುತ್ತ ನಿಂತಿದ್ದೆ.

ನಮ್ಮ ಜನರಲ್ಲಿ ಗಂಡ ಸತ್ತ ಹೆಣ್ಣು ಕುಂಕುಮ ಬಿಡುತ್ತಾಳೆ, ಹಸಿರು ಬಳೆ ತೆಗೆಯುತ್ತಾಳೆ. ಸೀರೆ ಮಾತ್ರ ಟ್ರಂಕಿನಲ್ಲಿದ್ದದ್ದೇ. ಕೆಂಪಾದರೆ ಕೆಂಪು, ನೀಲಿಯಾದರೆ ನೀಲಿ. ಆದರೆ ಅತ್ತೆ ದಿನಕರ್ಮ ಮುಗಿದ ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಬಜಾರಿಗೆ ನಡೆದಳು. ಬಟ್ಟೆ ಅಂಗಡಿಯ ಕನಕಪ್ಪನಿಗೆ ಬಿಳಿ ಸೀರೆ ತೋರಿಸು ಎಂದಳು.

ಕನಕಪ್ಪ ಬಿಳಿಯ ಮೇಲೆ ಹೂವಿದ್ದದ್ದು ತೆಗೆದ, ಬಿಳಿಗೆ ಕೆಂಪಂಚಿನದು ತೆಗೆದ. ಅಪ್ಪಟ ಬಿಳಿ, ಅಂಚೂ ಇರಬಾರದು ಎಂದಳು ಅತ್ತೆ. ಅವನು ಮೇಲಿನ ಖಾನೆಯಿಂದ ಕೆಳಗಿನ ಖಾನೆಯವರೆಗೆ ಹುಡುಕಿ ಸೋತು ಗಾದಿಯ ಮೇಲೆ ಕೂತ.

“ಅಕ್ಕಾರ, ಬರೇ ಬಿಳಿ ಅಂದ್ರ ನನ್ನ ಕಡೆ ಧೋತರ ಐತ್ರಿ. ಇಲ್ಲಂದ್ರ ಹೆಣಾ ಮಣ್ಣಿಗೆ ಒಯ್ಯುವಾಗ ಹೊಚ್ಚೋ ಅರಿವಿ ಐತಿ. ಹೆಣಮಕ್ಕಳು ಉಡೋದು ನಾ ಇನ್ನೂತನ ಮಾರಿಲ್ಲ,” ಎಂದ.

ಊರಿನ ಬಟ್ಟೆಯವನ ಬಳಿಯೇ ಇಲ್ಲದ ಪದ್ಧತಿ ನಮಗೆ ಎಲ್ಲಿಂದ ಬಂತು ಎಂದು ನಾನು ಅಲ್ಲೇ ಕೇಳಬಹುದಿತ್ತು, ಅಂಗಡಿಯಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಅತ್ತೆ ಗಂಗಾವತಿಗೆ ಹೇಳಿಕಳಿಸಿ ತರಿಸಿಯೇ ಬಿಟ್ಟಳು. ಹಟವಲ್ಲ ಅದು. ಆಕೆಯ ಕಣ್ಣಿನಲ್ಲಿ ಬಿಳಿ ಸೀರೆಗೆ ಒಂದು ಮರ್ಯಾದೆ ಇತ್ತು. ಸಿನಿಮಾದಲ್ಲಿ ಬಿಳಿ ಉಟ್ಟವಳ ಎದುರು ಕೆಟ್ಟವನೂ ಕಣ್ಣು ಕೆಳಗೆ ಹಾಕುತ್ತಾನೆ, ದೊಡ್ಡವರು ಕೈ ಮುಗಿಯುತ್ತಾರೆ. ಚಿಕ್ಕ ವಯಸ್ಸಿನ ಮಗಳು, ಬಜಾರಿನ ಮನೆ, ಹಮಾಲರು ಲಾರಿಯವರು ದಿನವಿಡೀ ಓಡಾಡುವ ಬೀದಿ. ಆ ಸೀರೆ ಮಗಳನ್ನು ಕಾಯುತ್ತದೆ ಎಂದು ಆಕೆ ನಂಬಿದ್ದಳು.

ಆದದ್ದು ಬೇರೆ. ನಮ್ಮ ಓಣಿಯವರು ಅಪ್ಪಟ ಬಿಳಿ ಸೀರೆಯ ಹೆಂಗಸನ್ನು ನೋಡಿದ್ದು ಒಂದೇ ಕಡೆ, ಸರಕಾರಿ ದವಾಖಾನೆಯಲ್ಲಿ. ಲಲಿತಾ ಬಾಗಿಲಿಗೆ ನೀರು ಹಾಕಲು ಬಂದ ಎರಡನೆಯ ದಿನವೇ ಹಿಂದಿನ ಓಣಿಯ ಮುದುಕಿಯೊಬ್ಬಳು ರವಿಕೆಯ ತೋಳು ಮೇಲಕ್ಕೆ ಸರಿಸಿಕೊಂಡು ಕಟ್ಟೆಯ ಮೇಲೆ ಕೂತಳು. ಛಲೋ ನೌಕರಿ ಸಿಕ್ಕಿತಂತಲ್ಲ, ಜ್ವರ ಬಂದಿದೆ, ಒಂದು ಸೂಜಿ ಹಾಕು ಎಂದಳು. ಲಲಿತಾ ಮುಖ ಗಂಭೀರ ಮಾಡಿ, ಬಿಸಿನೀರು ಕುಡಿದು ಹೊದ್ದು ಮಲಗಲು ಹೇಳಿ ಕಳಿಸಿದಳು. ಒಳಗೆ ಬಂದು ಬಾಗಿಲ ಹಿಂದೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಊರಿಗೆ ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ, ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ವಾರದೊಳಗೆ ಆ ಮುದುಕಿ ಜ್ವರ ಬಿಟ್ಟಿತೆಂದು ಸೌತೆಕಾಯಿ ತಂದುಕೊಟ್ಟಳು.

ಸೌತೆಕಾಯಿ ಕೊಯ್ಯುತ್ತ ಲಲಿತಾ ತಾಯಿಯನ್ನು ಕೇಳಿದಳು, “ಯವ್ವಾ, ಆ ಸಿನಿಮಾ ಕಪ್ಪು-ಬಿಳಿಪಿಂದು. ಅದರಾಗ ಆಕಿ ಉಟ್ಟಿದ್ದು ಬಿಳೀನೋ ಹಳದೀನೋ ಯಾರು ಕಂಡಾರ?”

ಅತ್ತೆ ಉಪ್ಪು ಕಮ್ಮಿ ಎಂದು ನನ್ನನ್ನು ಬೈದಳು.

ವರ್ಷ ಕಳೆದ ಮೇಲೆ ನಾಗೇಶ ಬಂದ. ಮಾವನ ಕಡೆಯ ದೂರದ ಸಂಬಂಧಿ, ಹುಲಿಹೈದರದ ಕಡೆ ಲೈನ್‌ಮನ್ ಆಗಿದ್ದ. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಕೂಸೂ ಉಳಿದಿರಲಿಲ್ಲ. ತನ್ನ ಸೋದರಮಾವನನ್ನು ಮುಂದೆ ಕೂರಿಸಿಕೊಂಡು, ನೇರವಾಗಿ ವಿಷಯಕ್ಕೆ ಬಂದ. ಲಲಿತಾಳನ್ನು ಉಡಿಕಿ ಮಾಡಿಕೊಡಿ ಎಂದ.

ಉಡಿಕಿ ಎಂದರೆ ನಮ್ಮ ಜನರಲ್ಲಿ ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆ. ಗಂಡು ಸೀರೆ ತರುತ್ತಾನೆ, ಹೆಣ್ಣು ಉಡುತ್ತಾಳೆ, ತಾಳಿ ಕಟ್ಟುತ್ತಾನೆ, ಊಟ. ಅಜ್ಜಿಯರ ಕಾಲದಿಂದ ನಡೆದುಕೊಂಡು ಬಂದದ್ದು. ಅದನ್ನು ನಾನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನಾಲ್ಕು ಕಾಸು ಕೈಗೆ ಬಂದ ಮನೆಗಳಲ್ಲಿ ಅದು ತಾನಾಗಿಯೇ ನಿಂತುಹೋಗಿತ್ತು, ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ.

ನಮ್ಮವರು ಒಪ್ಪಲಿಲ್ಲ. ಈಗ ನಾವು ವ್ಯಾಪಾರಸ್ಥರ ನಡುವೆ ಕೂತು ಏಳುವವರು, ಜನ ಏನೆಂದಾರು, ಇಂಥದ್ದೆಲ್ಲ ಸುಧಾರಣೆ ಮಾಡುವವರ ಕೆಲಸ, ನಮಗೆ ಯಾಕೆ ಎಂದರು. ನನಗೆ ಆಶ್ಚರ್ಯವಾದದ್ದು ಅತ್ತೆ ಒಪ್ಪದಿದ್ದದ್ದು. ಆಕೆಗೆ ಜನರ ಚಿಂತೆ ಇರಲಿಲ್ಲ, ಭಯ ಇತ್ತು. ಆಕೆ ನೋಡಿದ ಅಷ್ಟೂ ಸಿನಿಮಾಗಳಲ್ಲಿ ಬಿಳಿ ಸೀರೆಯವಳು ಮತ್ತೊಬ್ಬನ ಕಡೆ ಕಣ್ಣೆತ್ತಿದರೆ ಊರು ಕಲ್ಲು ಹಿಡಿದು ನಿಲ್ಲುತ್ತದೆ. ಕೊನೆಗೆ ಅವಳು ಹೊಳೆಗೆ ಹಾರುತ್ತಾಳೆ, ಇಲ್ಲವೇ ಕೆಮ್ಮುತ್ತ ಸಾಯುತ್ತಾಳೆ. ಸುಖವಾಗಿ ರೊಟ್ಟಿ ಬಡಿಯುತ್ತ ಕೂತವಳನ್ನು ಒಂದರಲ್ಲೂ ತೋರಿಸಿರಲಿಲ್ಲ.

“ಮನ್ಯಾಗ ಇದ್ರ ಇರ್ತಾಳ,” ಎಂದಳು ನನಗೆ. “ನಾ ಹಡದೀನಿ. ಆಕಿನ್ನ ಹೊಳಿಗೆ ಕೊಡಾಕ ಹಡದಿಲ್ಲ.”

ಹೊಳೆ ನಮ್ಮ ಮನೆಯಿಂದ ಎಷ್ಟೋ ದೂರ. ಆದರೆ ಆ ಮಾತು ಹೇಳಿ ಆಕೆ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ ಬಂದಳು. ನಗಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ನಾನು ಒಲೆಯ ಕಡೆ ಹೋದೆ.

ಲಲಿತಾ ತನ್ನ ಮನಸ್ಸು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹಿತ್ತಿಲಲ್ಲಿ ಅರಿವೆ ಒಗೆಯುವಾಗ ನಾನು ಕೇಳಿದೆ. ಆ ಬಿಳಿ ಸೀರೆಗೆ ನೀಲಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

“ಆತ ಬಂದಾಗ ನಾ ನೀರು ಕೊಟ್ಟೆ, ವೈನಿ. ಈಗೀಗ ಈ ಸೀರಿ ನೋಡಿದ ಮಂದಿ ಎಲ್ಲಾ ನನಗ ಕೈ ಮುಗೀತಾರ. ಆತ ಮುಗೀಲಿಲ್ಲ. ‘ಉಂಡಿಯೇನು’ ಅಂತ ಕೇಳಿದ.”

ಅಷ್ಟೇ ಹೇಳಿದಳು. ನನಗೆ ಅಷ್ಟು ಸಾಕಾಯಿತು. ಇಪ್ಪತ್ತೆರಡು ವರ್ಷದ ಹುಡುಗಿ ಜೀವಮಾನವಿಡೀ ಕೈ ಮುಗಿಸಿಕೊಂಡು ಕೂರಬೇಕೇ? ಸಿಟ್ಟು ನೆತ್ತಿಗೇರಿ, ಅದನ್ನು ಎಲ್ಲಿ ಹಾಕಬೇಕೋ ತಿಳಿಯದೆ ಲಾಲಬೀಯ ಮನೆಗೆ ಹೋಗಿ ಕೂತೆ. ನಮ್ಮ ಅತ್ತೆ ಇಷ್ಟು ಹಳೆಯ ಕಾಲದವಳೆಂದು ಗೊತ್ತಿರಲಿಲ್ಲ ಎಂದು ದೂರಿದೆ. ಲಾಲಬೀ ಅಕ್ಕಿ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಹಳೇ ಕಾಲ ಯಾವುದವ್ವಾ? ನಿಮ್ಮತ್ತಿಗೆ ಉಡಿಕಿ ಆದಾಗ ನಾ ಹೊಸಾ ಸೊಸಿ. ಆ ಊಟದ್ದು ಹೋಳಿಗಿ ನಮ್ಮನಿಗೂ ಬಂದಿತ್ತು.”

ಆಗ ತಿಳಿಯಿತು. ಅತ್ತೆಗೆ ಮೊದಲು ಬೇರೆ ಗಂಡನಿದ್ದ. ಮದುವೆಯಾದ ಮರುವರ್ಷ ತೀರಿಕೊಂಡ. ಎರಡು ಸುಗ್ಗಿ ಕಳೆದ ಮೇಲೆ ಮಾವ ಸೀರೆ ತಂದರು. ಆಮೇಲೆ ಹುಟ್ಟಿದವರು ನಮ್ಮವರು, ಲಲಿತಾ. ಇದು ಗುಟ್ಟಾಗಿರಲಿಲ್ಲ, ಓಣಿಯ ಹಿರಿಯರಿಗೆಲ್ಲ ಗೊತ್ತು. ಹೇಳುವಂಥ ವಿಷಯವೆಂದು ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಬಂದದ್ದು ಅಂಥದ್ದೇ ಸಿನಿಮಾ. ಬಿಳಿ ಸೀರೆಯವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು, ಕೆಳಗೆ ಬೀದಿಯಲ್ಲಿ ಊರಿನವರು ಕಲ್ಲು ಆರಿಸಿಕೊಳ್ಳುತ್ತಿದ್ದರು. ಅತ್ತೆಯ ಕಣ್ಣಲ್ಲಿ ಕಾಲುವೆಯ ನೀರು ಬಿಟ್ಟಂತಾಗಿತ್ತು. ಆಕೆಯ ಬೆನ್ನ ಹಿಂದೆಯೇ ಬಿಳಿ ಸೀರೆ ಉಟ್ಟ ಮಗಳು ಶೇಂಗಾ ಸುಲಿಯುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅತ್ತೀ, ಯಾಕ ಅಳಾಕತ್ತೀರಿ?” ಎಂದೆ.

“ಪಾಪ, ಗಂಡ ಸತ್ತ ಹೆಣಮಗಳು. ಮಂದಿ ಹೆಂಗ ಕಾಡ್ತಾರ ನೋಡು.”

“ನೀವೂ ಗಂಡ ಸತ್ತ ಹೆಣಮಗಳಲ್ಲೇನ್ರಿ?”

ಹೊರಸಿನ ಮೇಲಿನ ಗೊರಕೆ ನಿಂತಿತು. ಮಾವ ಎದ್ದು ಕೂತು, ತಾನಿನ್ನೂ ಇದ್ದೇನಲ್ಲ ಎಂಬಂತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮೊದಲಿನ ಗಂಡನ ಮಾತು ಎಂದು ನಾನು ಮೆಲ್ಲಗೆ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಬರೀ ಅಚ್ಚರಿ.

“ನಾನ್ಯಾಕ ಹಂಗ ಆಗ್ಲಿ? ನನಗ ಉಡಿಕಿ ಆತಲ್ಲ.”

“ಆಗೂಕಿಂತ ಮೊದ್ಲು?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಟೆಂಟಿನ ಉಸುಕಿನ ಮೇಲೆ, ಈ ಚಾಪೆಯ ಮೇಲೆ ಕೂತು ಅಷ್ಟು ಜನ ಬಿಳಿ ಸೀರೆಯವರಿಗಾಗಿ ಅತ್ತಿದ್ದಳು. ತಾನೂ ಅವರಲ್ಲೊಬ್ಬಳಾಗಿದ್ದೆ ಎಂದು ಆಕೆಗೆ ಒಮ್ಮೆಯೂ ಅನಿಸಿರಲಿಲ್ಲ. ಅವರದು ಬೇರೆ ಕಥೆ, ದೊಡ್ಡ ಕಥೆ, ಬಾಳೆಎಲೆಯ ಮೇಲೆ ಉಣ್ಣುವ ಜನರ ಕಥೆ. ಟೀವಿಯಲ್ಲಿ ಮೊದಲ ಕಲ್ಲು ಬಿತ್ತು. ಅತ್ತೆ ಅದನ್ನು ನೋಡಲಿಲ್ಲ. ಹೊರಸಿನ ಕಡೆ ತಿರುಗಿ ಮಾವನನ್ನು ಕೇಳಿದಳು.

“ಏನ್ರಿ, ನಮಗ ಯಾರರ ಕಲ್ಲು ಒಗದಿದ್ರೇನು?”

ಮಾವ ಬಹಳ ಹೊತ್ತು ನೆನಪು ಮಾಡಿಕೊಂಡರು. “ಕಲ್ಲು ಯಾಕ ಒಗೀತಾರ? ಹೋಳಿಗಿಗೆ ತುಪ್ಪ ಸಾಲಲಿಲ್ಲ ಅಂತ ನಿಮ್ಮ ಕಾಕಾ ಸಿಟ್ಟಾಗಿ ಹೋಗಿದ್ದ.”

“ಅಷ್ಟನ?”

“ಆಮ್ಯಾಲ ಮತ್ತ ಬಂದು ಉಂಡು ಹ್ವಾದ.”

ಲಾಲಬೀ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆ ಈಗ ಲಲಿತಾಳನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ, ಮನೆಗೆ ಯಾರೋ ಹೊಸಬರು ಬಂದಿರುವಂತೆ. ಶೇಂಗಾ ಸಿಪ್ಪೆ ಆ ಬಿಳಿ ಮಡಿಲ ತುಂಬ ಹರಡಿತ್ತು. ಅತ್ತೆ ಮೊಣಕಾಲು ಹಿಡಿದು ಎದ್ದು, ಮಗಳ ಬಳಿ ಹೋಗಿ ಸಿಪ್ಪೆಯನ್ನೆಲ್ಲ ಕೊಡವಿದಳು. “ಏಳವ್ವಾ, ಇದನ್ನ ತಗದು ನಿನ್ನ ನೀಲಿ ಸೀರಿ ಉಟ್ಟುಕೋ. ನನ್ನ ಕಣ್ಣಿಗೆ ಏನಾಗಿತ್ತೋ ಏನೋ,” ಎಂದಳು. ಲಲಿತಾ ಎದ್ದು ಒಳಗೆ ಹೋದಳು. ಸಿನಿಮಾದವಳು ಹೊಳೆಗೆ ಹಾರಿದಳೋ ಇಲ್ಲವೋ ನಾವು ಯಾರೂ ನೋಡಲಿಲ್ಲ. ನಾನಂತೂ ಅಡಿಗೆಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಅವತ್ತು ಅಂಗಡಿಯಿಂದ ಬಂದ ನಮ್ಮವರ ಮುಂದೆ ತಾಟು ಇಟ್ಟು ಅತ್ತೆಯೇ ಮಾತು ತೆಗೆದಳು. ವ್ಯಾಪಾರಸ್ಥರು, ದೊಡ್ಡ ಮಂದಿ ಎಂದು ಅವರು ಮತ್ತೆ ಶುರುಮಾಡಿದರು. ಅತ್ತೆ ಕೊನೆಯವರೆಗೆ ಕೇಳಿ, ನೀನು ಹುಟ್ಟಿದ್ದು ಉಡಿಕಿಯಾದ ಮೇಲೆ, ಅದಕ್ಕಾಗಿ ಯಾರಾದರೂ ನಿನ್ನ ಅಂಗಡಿಗೆ ಭತ್ತ ತರುವುದು ಬಿಟ್ಟಿದ್ದಾರೇನು ಎಂದು ಕೇಳಿದಳು. ನಮ್ಮವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಸುಧಾರಣೆ ಮಾಡುವವರ ‘ವಿಧವಾ ವಿವಾಹ’ವೂ ತಮ್ಮ ಅವ್ವನ ಉಡಿಕಿಯೂ ಒಂದೇ ಎಂದು ಎಂದೂ ಜೋಡಿಸಿ ನೋಡಿರಲಿಲ್ಲ. ಉಳಿದ ಅರ್ಧ ರೊಟ್ಟಿ ತಿಂದು ಮುಗಿಸಿ, ಆಗಲಿ, ಪದ್ಧತಿಯಂತೆ ದೀಪ ಹಚ್ಚುವ ಹೊತ್ತಿಗೆ ಸದ್ದಿಲ್ಲದೆ ಮುಗಿಸಿಬಿಡೋಣ ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಉಡಿಕಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ, ಅದರಲ್ಲೂ ಮುಳ್ಳಿತ್ತು. ಉಡಿಕಿಗೆ ವಾಲಗ ಇಲ್ಲ, ಹಂದರ ಇಲ್ಲ. ಕತ್ತಲಾಗುವ ಹೊತ್ತಿಗೆ ಗಂಡ ಸತ್ತ ಹೆಂಗಸರೇ ನಿಂತು ಮಾಡಬೇಕು. ಮುತ್ತೈದೆಯರು ಎದುರಿಗೆ ಬರಬಾರದು. ಲಲಿತಾಳ ಉಡಿಕಿಗೆ ನಾನೂ ಬರುವಂತಿಲ್ಲ, ಅತ್ತೆಯೂ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ಅತ್ತೆ ಖಾಲಿ ತಾಟು ಎತ್ತಿಕೊಂಡು ನಿಂತೇ ಹೇಳಿದಳು.

“ನನ್ನ ಉಡಿಕಿ ಆಗುವಾಗ ನಮ್ಮವ್ವ ಒಳಗ ಕುಂತಿದ್ಲು. ಆಕಿ ಅಳೋದು ನನಗ ಕೇಳಸ್ತಿತ್ತು, ಮಾರಿ ಕಾಣಲಿಲ್ಲ. ಸಿನಿಮಾದಾಗ ಮದುವಿ ಅಂದ್ರ ಅವ್ವ ಅನ್ನಾಕಿ ಮುಂದ ನಿಂತಿರ್ತಾಳ, ವಾಲಗ ಇರ್ತೈತಿ. ಅದೊಂದು ಛಲೋ ತೋರಸ್ಯಾರ. ನನ್ನ ಮಗಳಿಗೆ ಹಂಗ ಆಗಬೇಕು.”

ಹಾಗೇ ಆಯಿತು. ಹಾಡಹಗಲು, ಅಂಗಳದಲ್ಲಿ ಹಂದರ ಹಾಕಿ. ವಾಲಗದವರಿಗೆ ಉಡಿಕಿಗೆ ಬಾರಿಸಿ ಗೊತ್ತಿರಲಿಲ್ಲ, ಯಾವ ಹೊತ್ತಿಗೆ ಏನು ಬಾರಿಸಬೇಕೆಂದು ಕೇಳಿದರು. ಅತ್ತೆ ಎಲ್ಲ ಹೊತ್ತಿಗೂ ಬಾರಿಸಿ ಎಂದಳು. ನಾಗೇಶ ಹಸಿರು ಸೀರೆ ತಂದಿದ್ದ. ಓಣಿಯ ಕೆಲವು ಮುತ್ತೈದೆಯರು ಮೊದಲು ಹಿಂದೆ ಮುಂದೆ ನೋಡಿದರು. ಅತ್ತೆಯೇ ಎಲ್ಲರಿಗಿಂತ ಮುಂದೆ ಹೋಗಿ, ಮಗಳ ಪಕ್ಕದಲ್ಲಿ ಎದೆ ಸೆಟೆಸಿ ನಿಂತದ್ದನ್ನು ಕಂಡು ಒಬ್ಬೊಬ್ಬರಾಗಿ ಬಂದರು. ಯಂಕೋಬನನ್ನು ಅತ್ತೆ ಹೆಸರು ಹಿಡಿದು ಕೂಗಿ ಮೊದಲ ಪಂಕ್ತಿಯಲ್ಲಿ ಕೂರಿಸಿದಳು. ತಂಬಾಕಿನ ನೆಪ ಅವತ್ತು ನಡೆಯಲಿಲ್ಲ. ನಮ್ಮವರು ತುಪ್ಪದ ಕೊಳಗ ಹಿಡಿದು ಪಂಕ್ತಿಯ ತುಂಬ ಓಡಾಡಿದರು, ಸಾಲಲಿಲ್ಲವೆಂದು ಯಾರೂ ಎದ್ದು ಹೋಗದಂತೆ. ನಾನು ಹೊಟ್ಟೆತುಂಬ ಉಂಡೆ, ಕಣ್ಣುತುಂಬ ನೋಡಿದೆ.

ಆ ಬಿಳಿ ಸೀರೆ ಇನ್ನೂ ಇದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಒಣಗಿಸುತ್ತೇವೆ.

ಲಲಿತಾಳಿಗೆ ಈಗ ಇಬ್ಬರು ಮಕ್ಕಳು. ಹೋದ ಸಲ ಹುಲಿಹೈದರದಿಂದ ಬಂದಾಗ ಭಾನುವಾರವಾಗಿತ್ತು. ಈಗ ದಿನವಿಡೀ ಎಷ್ಟೋ ಸಿನಿಮಾ ಬರುತ್ತವೆ, ಆದರೂ ಅತ್ತೆ ನಾಲ್ಕು ಗಂಟೆಗೇ ತಲೆ ಬಾಚಿಕೊಂಡು ಕೂರುವುದು ಬಿಟ್ಟಿಲ್ಲ. ಅವತ್ತು ಹುಡುಕಿ ಹಾಕಿಸಿಕೊಂಡದ್ದು ಅದೇ ಕಿಟಕಿಯ ಸರಳಿನ, ಅದೇ ಕಲ್ಲಿನ ಸಿನಿಮಾ. ಲಲಿತಾ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಾವ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಅಳುತ್ತಿದ್ದಳು, ಮೊದಲಿನಷ್ಟೇ ಜೋರಾಗಿ. ಇಷ್ಟೆಲ್ಲ ಆದ ಮೇಲೂ ಈ ಮುದುಕಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ನಾನು ಹಣೆ ಬಡಿದುಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಲಾಲಬೀ ಮೂಗು ಒರೆಸಿಕೊಳ್ಳುತ್ತ ಕೇಳಿದಳು.

“ಅಕ್ಕಾ, ಅಷ್ಟು ಮಂದಿ ಅದಾರ ಆ ಊರಾಗ. ಒಬ್ಬಾತರ ಈಕಿಗೆ ಒಂದು ಸೀರಿ ತರಬಾರದೇನು?”

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೈ ಮಾತ್ರ ಪಕ್ಕಕ್ಕೆ ಹೋಗಿ ಲಲಿತಾಳ ಹಸಿರು ಬಳೆಗಳ ಮೇಲೆ ಕೂತಿತು.

“ಅವರಾಗ ಉಡಿಕಿ ಇಲ್ಲಂತಬೇ,” ಎಂದಳು. “ಪಾಪ.”